ಗಟ್ಟಿ ಬೇರಿನ ಗುಲಾಬಿ

ವಾಡಿ ಕ್ವಾರ್ಟರ್ಸಿನ ಸಮಸ್ತ ಸಸ್ಯಪ್ರಿಯ ಮಹಾಜನರೇ! ಆಡಕಿಯ ತವರಿನಿಂದ ತಂದ ಕೆಂಪು ಗುಲಾಬಿ ಕಡ್ಡಿಯನ್ನು ನನಗೊಪ್ಪಿಸಿ, ಹೆಂಡತಿ ಹೋದ ವಾರ ಮತ್ತೆ ಊರಿಗೆ ಹೋದಳು. ಬೇರು ಬೇಗ ಬರಲೆಂದು, "ಸಗಣಿ ಒಂದು ಹಿಡಿ, ಬೂದಿ ನಾಲ್ಕು ಹಿಡಿ, ಬೇರೇ, ಬೇಗ ನಡಿ" ಎಂದು ಹಾಡುತ್ತಾ ಕಲಸಿ ಕುಂಡದಲ್ಲಿ ನೆಟ್ಟಿದ್ದೆ.

ಇಂದು ಎಳೆದು ನೋಡಿದರೆ ಕಡ್ಡಿ ಕದಲಲೇ ಇಲ್ಲ. ಪಕ್ಕದ ಮನೆಯ ಶಾಂತಾಬಾಯಿಯನ್ನು ಕರೆದು, "ನೋಡ್ರಿ, ಬೇರು ಹೆಂಗ ಹಿಡದದ!" ಎಂದೆ.

ಅವರು ಕುಂಡದೊಳಗೆ ಬೆರಳಿನಿಂದ ತಟ್ಟಿದರು. ಟಕ್ ಟಕ್ ಎಂದಿತು.

"ಮಾಸ್ತರ್ರೀ, ಇದು ಬೂದಿ ಅಲ್ರಿ. ನಿಮ್ಮ ಬಚ್ಚಲ ರಿಪೇರಿಗೆ ತಂದ ಸಿಮಿಟ್ ಅದ. ಭಾಳ ಗಟ್ಟಿ ಬೇರು ಬಿಡ್ರಿ!"

ಭಾಷಣ ಸಾಕು. ಸಂಜೆ ಗಾಡಿಗೆ ಹೆಂಡತಿ ಬರುತ್ತಾಳೆ. ಯಾರ ಮನೆಯಲ್ಲಾದರೂ ಕೆಂಪು ಗುಲಾಬಿ ಇದ್ದರೆ ಒಂದು ಕಡ್ಡಿ ಕೊಡಿ.