ಬೋರಿವಲಿಯಲ್ಲಿ ಇಳಿಯಬಾರದು

ವಿರಾರ್ ಗಾಡಿ ಹತ್ತಿದವರು ಬೋರಿವಲಿಯಲ್ಲಿ ಇಳಿಯಬಾರದು. ಕೊನೆಯ ಸ್ಟೇಷನ್ ವಿರಾರ್‌ಗೆ ಹೊರಟ ಲೋಕಲ್ ಗಾಡಿ ದಾರಿಯಲ್ಲಿ ಅಲ್ಲಿ ನಿಲ್ಲುತ್ತದೆ, ಬಾಗಿಲು ತೆರೆದೇ ಇರುತ್ತದೆ, ಪಾಸಿನ ತಕರಾರೂ ಇಲ್ಲ, ಆದರೂ ಇಳಿಯಬಾರದು. ಇದನ್ನು ಯಾರೂ ಎಲ್ಲೂ ಬರೆದು ಹಾಕಿಲ್ಲ. ಬರೆದು ಹಾಕಿದ್ದನ್ನು ಮುಂಬಯಿಯಲ್ಲಿ ಯಾರೂ ಓದುವುದಿಲ್ಲವಾದ್ದರಿಂದ, ಬರೆಯದೆ ಬಿಟ್ಟ ಈ ಒಂದು ಕಾನೂನು ಮಾತ್ರ ಚಾಚೂ ತಪ್ಪದೆ ನಡೆದುಕೊಂಡು ಬಂದಿದೆ. ಬೋರಿವಲಿಯವರಿಗೆ ಬೇಕಾದಷ್ಟು ಗಾಡಿಗಳಿವೆ, ಅದರಲ್ಲಿ ಹೋಗಿ ಸಾಯಲಿ. ನಮಗಿರುವ ನಾಲ್ಕು ಗಾಡಿಗೂ ಬಂದು ಮೊಣಕೈ ಯಾಕೆ ತೂರಿಸಬೇಕು ಎಂಬುದು ವಿರಾರ್ ಕಡೆಯವರ ನ್ಯಾಯ.

ಮಹಿಳೆಯರ ಡಬ್ಬಿಯಲ್ಲಿ ಈ ನ್ಯಾಯದ ಪೀಠವನ್ನು ಅಲಂಕರಿಸಿದ್ದವಳು ಕುಮುದ್ ವರ್ತಕ್. ವಿರಾರ್‌ಗೆ ಒಂದು ಸ್ಟೇಷನ್ ಹಿಂದಿನ ನಾಲಾಸೋಪಾರಾದವಳು, ಐವತ್ತು ದಾಟಿದ ಹೆಂಗಸು. ಹಗಲೆಲ್ಲ ಚರ್ಚ್‌ಗೇಟ್ ಬಳಿಯ ವಕೀಲರೊಬ್ಬರ ಕಚೇರಿಯಲ್ಲಿ ಪರರ ವಾದಗಳನ್ನು ಟೈಪು ಮಾಡಿ, ಸಂಜೆ ಕಿಟಕಿಯ ಪಕ್ಕ ಕೂತು ತನ್ನದೇ ತೀರ್ಪು ಕೊಡುತ್ತಿದ್ದಳು. ಎಲ್ಲರೂ ಅವಳನ್ನು ಕುಮುದ್‌ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಆ ಡಬ್ಬಿಯ ಮಟ್ಟಿಗೆ ಅವಳು ಅತ್ತೆ.

ಗೊತ್ತಿಲ್ಲದೆ ಹತ್ತಿದ ಹೊಸ ಹುಡುಗಿಯರು ಬೋರಿವಲಿ ಹತ್ತಿರವಾಗುತ್ತಿದ್ದಂತೆ ಅಂಗಲಾಚುತ್ತಿದ್ದರು. ಒಬ್ಬಳ ಅತ್ತೆಗೆ ಹುಷಾರಿಲ್ಲ. ಇನ್ನೊಬ್ಬಳ ಮಗು ಮಂಚದಿಂದ ಬಿದ್ದಿದೆ. ಕುಮುದ್ ಎಲ್ಲವನ್ನೂ ಶಾಂತವಾಗಿ ಕೇಳಿ ವಜಾ ಮಾಡುತ್ತಿದ್ದಳು. ಎಲ್ಲಕ್ಕಿಂತ ಬೇಗ ವಜಾ ಆಗುತ್ತಿದ್ದುದು, "ಆಂಟಿ, ನಂಗೆ ಅರ್ಜೆಂಟಾಗಿದೆ" ಎಂಬ ಅಹವಾಲು.

"ಅರ್ಜೆಂಟಾ? ನಮಗೇನು ಆಗಲ್ವೇನೇ? ನಾವೇನು ಪ್ಲಾಸ್ಟಿಕ್ ಗೊಂಬೆಗಳಾ? ಬೆಳಗಿನಿಂದ ಹಿಡ್ಕೊಂಡು ಕೂತಿದೀವಿ. ಬಾ, ವಿರಾರ್‌ಗೆ ಬಾ. ಮಂದಾ ಮನೇಲಿ ಹೊಸಾ ಟೈಲ್ಸ್ ಹಾಕ್ಸಿದಾಳೆ, ತೋರಿಸ್ತಾಳೆ."

ಬಾಗಿಲ ಕಂಬಕ್ಕೆ ಆತುಕೊಂಡು ನಿಲ್ಲುತ್ತಿದ್ದ ಮಂದಾ ಆಗ ತೋಳನ್ನು ಅಡ್ಡ ಹಾಕುತ್ತಿದ್ದಳು. ತೀರ್ಪು ಕುಮುದಳದು, ಜಾರಿ ಮಂದಾಳದು. ಡಬ್ಬಿಗೆ ಡಬ್ಬಿಯೇ ನಗುತ್ತಿತ್ತು. ಆ ನಗುವಿನಲ್ಲಿ ಒಂದು ಸಂಕಟದ ಸತ್ಯವೂ ಇತ್ತು. ಅಲ್ಲಿದ್ದ ಅಷ್ಟೂ ಹೆಂಗಸರು ನಿಜಕ್ಕೂ ಬೆಳಗಿನಿಂದ ಹಿಡಿದುಕೊಂಡೇ ಕೂತವರು.

ಕುಮುದ್ ಕೂಡ. ಅವಳ ದಿನಚರಿಯನ್ನು ರೂಪಿಸಿದ್ದು ದೇವರೂ ಅಲ್ಲ, ಗಂಡನೂ ಅಲ್ಲ, ನೀರು. ಬೆಳಗ್ಗೆ ಅರ್ಧ ಲೋಟ ಚಹಾ, ಅಷ್ಟೇ. ಕಚೇರಿಯಲ್ಲಿ ಮೊಗಸಾಲೆಯ ಕೊನೆಗೆ ಒಂದೇ ಒಂದು ಶೌಚಾಲಯ, ಅದರ ಬೀಗದ ಕೈ ಹಿರಿಯ ವಕೀಲರ ಮೇಜಿನ ಮೇಲೆ. ಕೇಳಲು ಹೋದರೆ ಅವರು ಕನ್ನಡಕದ ಮೇಲಿನಿಂದ ನೋಡುವರು, ಯಾವುದೋ ಗಡುವು ಮೀರಿದ ಅರ್ಜಿಯನ್ನು ನೋಡುವ ಹಾಗೆ. ಆ ನೋಟವನ್ನು ಎದುರಿಸುವುದಕ್ಕಿಂತ ಬಾಯಾರಿಕೆ ಎಷ್ಟೋ ವಾಸಿ.

ಹೀಗಿರುವಾಗ ಅವಳ ಕಾಲುಗಳು ಊದಿಕೊಂಡವು. ಮನೆ ಹತ್ತಿರದ ಡಾಕ್ಟರ್ ಸಾಠಮ್ ಬೆರಳಿನಿಂದ ಒತ್ತಿ ನೋಡಿದರು. ಒತ್ತಿದ ಗುಳಿ ಹಾಗೇ ಉಳಿಯಿತು. ನೀರಿಳಿಸುವ ಮಾತ್ರೆ ಬರೆದುಕೊಟ್ಟರು.

"ದಿನಾ ಬೆಳಗ್ಗೆ ಒಂದು."

"ಬೆಳಗ್ಗೆ ಗಾಡಿ ಇದೆಯಲ್ಲ ಡಾಕ್ಟ್ರೇ."

"ಹಾಗಾದ್ರೆ ಮಧ್ಯಾಹ್ನ."

"ಮಧ್ಯಾಹ್ನ ವಕೀಲರಿರ್ತಾರೆ."

"ರಾತ್ರಿ ತಗೊಂಡ್ರೆ ನಿದ್ದೆ ಹಾಳಾಗತ್ತೆ. ಅಲ್ಲ ಕುಮುದ್‌ತಾಯಿ, ನಿಮಗೆ ಆರೋಗ್ಯ ಯಾವಾಗ ಬೇಕು ಅಂತ ನೀವೇ ಹೇಳಿಬಿಡಿ."

"ಭಾನುವಾರ," ಎಂದಳು ಕುಮುದ್.

ಡಾಕ್ಟರು ನಕ್ಕರು, ಕುಮುದ್ ನಗಲಿಲ್ಲ. ನಿಜಕ್ಕೂ ಭಾನುವಾರಕ್ಕೊಂದು ಮಾತ್ರೆ ನುಂಗತೊಡಗಿದಳು. ಕಾಲುಗಳಿಗೆ ವಾರದ ಲೆಕ್ಕ ತಿಳಿಯಲಿಲ್ಲ. ಚಪ್ಪಲಿಯ ಪಟ್ಟಿ ಹಾಕಲಾಗದಷ್ಟು ಊದಿದಾಗ ಮತ್ತೆ ಹೋದಳು. ಈ ಸಲ ಡಾಕ್ಟರು ನಗದೆ ಹೇಳಿದರು: "ಈಗ ನೀರು ಕಾಲಲ್ಲಿದೆ. ಎದೆಗೆ ಹತ್ತಿದ್ರೆ ನನ್ನ ಹತ್ರ ಬರಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ."

ಹೆದರಿದ ಕುಮುದ್ ಮರುದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಲೇ ಮಾತ್ರೆ ನುಂಗಿದಳು. ಹಿರಿಯ ವಕೀಲರು ಕೋರ್ಟಿಗೆ ಹೋಗಿದ್ದರು, ಬೀಗದ ಕೈ ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು. ಮತ್ತೆ ಮತ್ತೆ ಹೋಗಿ ಬಂದಳು. ಯಾರೂ ನೋಡಲಿಲ್ಲ. ಇಷ್ಟು ಸುಲಭವಾದ ವಿಷಯಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ನಗು ಬಂತು. ಸಂಜೆಯ ಹೊತ್ತಿಗೆ ಇಳಿಯಬೇಕಾದ್ದೆಲ್ಲ ಇಳಿದಿರುತ್ತದೆ ಎಂದುಕೊಂಡಳು. ಆದರೆ ವಕೀಲರು ಬೇಗ ಮರಳಿ ಬಂದು, ನಾಳೆಗೆ ಬೇಕೆಂದು ಉದ್ದನೆಯ ಉತ್ತರವೊಂದನ್ನು ಟೈಪಿಗೆ ಕೊಟ್ಟರು. ಅದು ಮುಗಿದಾಗ ಬೀಗದ ಕೈ ಅವರ ಜೇಬಿನಲ್ಲಿತ್ತು, ಅವರು ಲಿಫ್ಟಿನಲ್ಲಿದ್ದರು.

ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಹೆಂಗಸರ ಸಾಲು ಬಾಗಿಲಾಚೆಗೂ ಬಂದಿತ್ತು. ಅತ್ತ ಗಾಡಿ ನಿಂತಿತ್ತು, ವಸಾಯಿಯ ಫಿಲೋಮಿನಾ ಕಿಟಕಿಯ ಜಾಗಕ್ಕೆ ಕರವಸ್ತ್ರ ಹಾಸಿ ಕೈ ಬೀಸುತ್ತಿದ್ದಳು. ಸಾಲಿನಲ್ಲಿ ನಿಂತರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಜಾಗ ಹೋಗುತ್ತದೆ, ಜಾಗ ಹೋದರೆ ಈ ಕಾಲಿನಲ್ಲಿ ಅಷ್ಟು ದೂರ ನಿಲ್ಲಬೇಕು. ಕುಮುದ್ ಕಾಲಿನ ಪರ ತೀರ್ಪು ಕೊಟ್ಟು ಗಾಡಿ ಹತ್ತಿದಳು.

ದಾದರ್‌ವರೆಗೆ ಏನೂ ಇರಲಿಲ್ಲ. ದಾದರಿನಲ್ಲಿ ಹತ್ತಿದ ಜನರ ನೂಕಿಗೆ ಯಾರದೋ ಟಿಫಿನ್ ಚೀಲ ಬಂದು ಅವಳ ಕಿಬ್ಬೊಟ್ಟೆಗೆ ಒತ್ತಿತು. ಆಗ ಗೊತ್ತಾಯಿತು, ಮಾತ್ರೆಯ ಕೆಲಸ ಮುಗಿದಿರಲಿಲ್ಲ. ಅಂಧೇರಿ ಬರುವಾಗ ಹೆಸರಿಗೆ ತಕ್ಕಂತೆ ಕಣ್ಣಿಗೆ ಕತ್ತಲೆ ಕವಿಯತೊಡಗಿತು. ಅವಳು ಕಾಲ ಮೇಲೆ ಕಾಲು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಎದುರಿಗೆ ಕೂತು ಗೋರಿಕಾಯಿಯ ನಾರು ತೆಗೆಯುತ್ತಿದ್ದ ಫಿಲೋಮಿನಾ ತಲೆ ಎತ್ತಿದಳು. "ಏನ್ ತಾಯಿ, ಇವತ್ತು ಮಾತೇ ಇಲ್ಲ? ಗಂಡನ ಜೊತೆ ಜಗಳಾನಾ?"

"ಅದಕ್ಕೆಲ್ಲಿ ಪುರುಸೊತ್ತು."

"ಮತ್ತೆ ಮುಖ ಯಾಕೆ ಹಿಂಗೆ, ಹರಳೆಣ್ಣೆ ಕುಡಿದವರ ಥರ?"

ಅಷ್ಟರಲ್ಲಿ ಗಾಡಿ ಎರಡು ಸ್ಟೇಷನ್ನುಗಳ ನಡುವೆ ನಿಂತುಬಿಟ್ಟಿತು. ಫ್ಯಾನು ನಿಂತಿತು, ಮಾತು ನಿಂತಿತು. ಹೊರಗೆ ಹಳಿಯ ಪಕ್ಕದ ನಲ್ಲಿಯೊಂದು ಯಾರಿಗೂ ಬೇಡವಾಗಿ ಸುರಿಯುತ್ತಿತ್ತು. ಕುಮುದ್ ಕಿಟಕಿಯಿಂದ ಮುಖ ತಿರುಗಿಸಿದಳು. ಒಂದರಿಂದ ಎಣಿಸಿದಳು. ಗಣಪತಿಯ ಆರತಿ ಹೇಳಿಕೊಂಡಳು, ಅರ್ಧದಲ್ಲಿ ಪದ ಮರೆಯಿತು. ನಾಲಾಸೋಪಾರಾ ಬೇರೆ ಯಾವುದೋ ದೇಶದಲ್ಲಿರುವ ಊರಿನಂತೆ ದೂರವಾಯಿತು. ಗಾಡಿ ಕುಲುಕಿ ಹೊರಟಾಗ ಅವಳು ಎದ್ದು ನಿಂತಳು.

"ಎಲ್ಲಿಗೆ?" ಎಂದಳು ಫಿಲೋಮಿನಾ.

"ಬೋರಿವಲಿ."

ಗೋರಿಕಾಯಿ ಕೈಯಲ್ಲೇ ಉಳಿಯಿತು. ಕ್ಷಣ ಬಿಟ್ಟು ಫಿಲೋಮಿನಾ ಜೋರಾಗಿ ನಕ್ಕಳು. "ಏ ಮಂದಾ, ಕೇಳಿಸ್ತಾ? ತಾಯಿ ಬೋರಿವಲೀಲಿ ಇಳೀತಾರಂತೆ!"

"ಇಳೀಲಿ, ಇಳೀಲಿ," ಬಾಗಿಲಿನಿಂದ ಮಂದಾ ಕೂಗಿದಳು. "ಯಾವ ನೆಪ ಕೇಳು. ಅತ್ತೇನಾ, ಮಗೂನಾ?"

"ಅತ್ತೆ ಸತ್ತು ಹತ್ತು ವರ್ಷ ಆಯ್ತಲ್ಲೇ," ಎಂದಳು ಫಿಲೋಮಿನಾ.

"ಹಾಗಾದ್ರೆ ಅರ್ಜೆಂಟೇ ಇರಬೇಕು!"

ಡಬ್ಬಿಗೆ ಡಬ್ಬಿಯೇ ನಕ್ಕಿತು. ಕುಮುದ್ ಮೈಗಳ ನಡುವೆ ಭುಜ ತೂರಿಸುತ್ತಾ ಮುಂದೆ ಸರಿದಳು. ನಗುತ್ತಿದ್ದವರು ದಾರಿ ಬಿಡಲಿಲ್ಲ. ದಾರಿ ಬಿಡದಿರುವುದೇ ಆ ಆಟದ ಸೊಗಸು, ಆಟ ಕಲಿಸಿದವಳು ಅವಳೇ.

"ಮಂದಾ, ಆಟ ಅಲ್ಲ ಕಣೇ. ನಂಗೆ ನಿಜವಾಗ್ಲೂ ಆಗಿದೆ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಬಾಯಿ ಬಿಟ್ಟು ಯಾರಿಗೂ ಹೇಳಿದವಳಲ್ಲ, ಗಂಡನಿಗೂ ಇಲ್ಲ. ಹೇಳುವಾಗ ಕಿವಿ ಕಾದವು. ಆದರೆ ಮಂದಾ ಸೊಂಟದ ಮೇಲೆ ಕೈಯಿಟ್ಟು, ಕುಮುದಳದೇ ದನಿಯಲ್ಲಿ, ಕುಮುದಳದೇ ರಾಗದಲ್ಲಿ ಹೇಳಿದಳು: "ಅರ್ಜೆಂಟಾ? ನಾವೇನು ಪ್ಲಾಸ್ಟಿಕ್ ಗೊಂಬೆಗಳಾ? ಬಾ, ವಿರಾರ್‌ಗೆ ಬಾ!"

ಇದಕ್ಕಿಂತ ಒಳ್ಳೆಯ ಅಣಕವನ್ನು ಆ ಡಬ್ಬಿ ಕಂಡಿರಲಿಲ್ಲ. ಒಬ್ಬಳು ಚಪ್ಪಾಳೆ ಕೂಡ ತಟ್ಟಿದಳು. ಕುಮುದಳ ಕಣ್ಣಲ್ಲಿ ನೀರು ಬಂತು. ಅದನ್ನೂ ನಗುವಿನ ನೀರೆಂದೇ ಎಲ್ಲರೂ ತಿಳಿದರು.

ಬೋರಿವಲಿ ಬಂತು. ಬಾಗಿಲು ಕೈಗೆಟಕುವಷ್ಟು ಹತ್ತಿರವಿತ್ತು, ಮಂದಾಳ ತೋಳೊಂದೇ ಅಡ್ಡ. "ಮಂದಾ, ಬಿಡೇ, ಕಾಲಿಗೆ ಬೀಳ್ತೀನಿ," ಎಂಬ ಮಾತು ಅವಳ ಬಾಯಿಂದ ಹೊರಟಿತು ನಿಜ. ಆದರೆ ಅದೇ ಕ್ಷಣಕ್ಕೆ ಪ್ಲಾಟ್‌ಫಾರ್ಮಿನ ಹೆಂಗಸರು ಒಡ್ಡು ಒಡೆದಂತೆ ಒಳಗೆ ನುಗ್ಗಿದರು. ಮಂದಾ ಒಂದು ಕಡೆಗೆ ಕೊಚ್ಚಿಹೋದಳು, ಕುಮುದ್ ಇನ್ನೊಂದು ಕಡೆಗೆ. ಅವಳ ಬೆನ್ನು ಎದುರು ಬಾಗಿಲ ಪಕ್ಕದ ತಗಡಿಗೆ ಬಡಿಯಿತು. ಗಾಡಿ ಹೊರಟಿತು.

ವಿರಾರ್ ಗಾಡಿಗೆ ವಿರಾಮವಿಲ್ಲ ಎಂದು ಅವಳೇ ಹೊಸಬರಿಗೆ ಹೇಳಿ ನಗಿಸುತ್ತಿದ್ದುದುಂಟು. ಈಗ ಅವಳು ಹಲ್ಲು ಕಚ್ಚಿ, ತಗಡಿಗೆ ಹಣೆ ಒತ್ತಿ, ಮೊಣಕಾಲು ಮೊಣಕಾಲಿಗೆ ಅಂಟಿಸಿ ನಿಂತಿದ್ದಳು. ಮುಂದಿನ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮು ಆಚೆ ಬದಿಗೆ ಬಂತು. ಅದರ ಮುಂದಿನದು ಈಚೆ ಬದಿಗೆ ಬಂದಾಗ ಅವಳು ಇಳಿಯಲಿಲ್ಲ, ಇಳಿಯುವವರ ಜೊತೆ ಉದುರಿದಳು. ಆ ಸ್ಟೇಷನ್ನಿನ ಹೆಸರು ಇಲ್ಲಿ ಬೇಡ. ಅವಳಿಗಿರುವಷ್ಟೇ ಮಾನ ಅದಕ್ಕೂ ಇದೆ.

ಪ್ಲಾಟ್‌ಫಾರ್ಮಿನ ಕೊನೆಯಲ್ಲಿ 'ಮಹಿಳೆಯರು' ಎಂಬ ಫಲಕವಿತ್ತು. ಫಲಕದ ಕೆಳಗಿನ ಬಾಗಿಲಿಗೆ ಸರಪಳಿ ಸುತ್ತಿತ್ತು. ಪೊರಕೆ ಊರಿ ನಿಂತಿದ್ದ ಹೆಂಗಸು ಅವಳ ಮುಖ ನೋಡಿಯೇ ಹೇಳಿದಳು:

"ನೀರಿಲ್ಲ ಮಾವಶಿ, ಬೀಗ ಹಾಕ್ಯಾರ. ಸೇತುವೆ ಹತ್ತಿ ಒಂದನೇ ನಂಬರಿಗೆ ಹೋಗ್ರಿ."

"ಗಂಡಸರದ್ದಾದ್ರೂ..."

"ಅದರಾಗ ಗಂಡಸರು ಅದಾರಲ್ಲ."

ಕುಮುದ್ ಸೇತುವೆಯ ಕಡೆ ನಡೆದಳು. ಓಡಲಾರಳು, ನಿಧಾನವಾಗಿ ನಡೆಯಲೂ ಆರಳು. ಊದಿದ ಕಾಲುಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲಿಗಿಟ್ಟಳು. ಮೇಲಿನಿಂದ ಜನ ಇಳಿಯುತ್ತಿದ್ದರು, ಕೆಳಗಿನಿಂದ ಜನ ಹತ್ತುತ್ತಿದ್ದರು. ಮೆಟ್ಟಿಲುಗಳ ಅರ್ಧದಲ್ಲಿ ಅವಳು ನಿಂತಳು. ನಿಂತದ್ದು ಅವಳು ಮಾತ್ರ.

ಬಿಸಿಯಾಗಿ, ಸದ್ದಿಲ್ಲದೆ, ಬಹಳ ಹೊತ್ತು.

"ಏ ಮಾವಶಿ, ನಡುದಾರೀಲಿ ನಿಲ್ಬೇಡಿ!" ಎಂದು ಯಾರೋ ಗದರಿ ಭುಜ ತಾಗಿಸಿಕೊಂಡು ಹೋದರು. ಅವಳು ಮೆಟ್ಟಿಲ ಕಟಕಟೆ ಹಿಡಿದು ಮುಂದೆ ನೋಡುತ್ತಾ ನಿಂತೇ ಇದ್ದಳು. ಯಾರೂ ಕೆಳಗೆ ನೋಡಲಿಲ್ಲ. ಮುಂಬಯಿಯ ದೊಡ್ಡ ದಯೆಯೆಂದರೆ ಅದಕ್ಕೆ ಪುರುಸೊತ್ತಿಲ್ಲದಿರುವುದು.

ಆಮೇಲೆ ಅವಳು ಸೇತುವೆಯ ಕೆಳಗೆ, ಮುಚ್ಚಿದ ಚಹಾದಂಗಡಿಯ ಮರೆಯಲ್ಲಿ ಗೋಡೆಗೆ ಬೆನ್ನು ಮಾಡಿ ನಿಂತಳು. ತಿಳಿ ನೀಲಿ ಸೀರೆ ಹಿಂದಿನಿಂದ ಕಡು ನೀಲಿಯಾಗಿತ್ತು. ರಿಕ್ಷಾದಲ್ಲಿ ಹೋಗೋಣವೆಂದರೆ ನಡುವೆ ಖಾಡಿ, ಸಮುದ್ರದ ಹಿನ್ನೀರು. ರೈಲು ಬಿಟ್ಟರೆ ಊರೆಲ್ಲ ಸುತ್ತಬೇಕು. ಒಣಗುವ ತನಕ ಕಾಯುವುದೆಂದು ಒಂದು ಗಾಡಿ ಬಿಟ್ಟಳು, ಇನ್ನೊಂದು ಬಿಟ್ಟಳು. ಒಣಗಿದ್ದು ಅವಳ ಗಂಟಲು ಮಾತ್ರ.

ಫೋನು ಬಂತು. ಮಂದಾ.

"ತಾಯಿ, ಎಲ್ಲಿ ಮಾಯ ಆದ್ರಿ? ಫಿಲೋಮಿನಾ ಡಬ್ಬಿ ತುಂಬಾ ಹುಡುಕಿದ್ಲು. ತಾಯಿ... ನಿಜವಾಗ್ಲೂ ಆಗಿತ್ತಾ?"

ಕುಮುದ್ ದನಿ ಸರಿಮಾಡಿಕೊಂಡಳು. "ಹುಚ್ಚಿ! ನಿಮ್ಮನ್ನ ಪರೀಕ್ಷೆ ಮಾಡಿದೆ. ಇಲ್ಲಿ ತಂಗಿ ಮನೆಗೆ ಬಂದಿದೀನಿ."

"ನಂಗೊತ್ತಿತ್ತು!" ಮಂದಾ ಖುಷಿಯಿಂದ ಕಿರುಚಿದಳು. "ಪಾಸಾ, ಫೇಲಾ?"

"ಪಾಸು. ಒಳ್ಳೆ ಮಾರ್ಕ್ಸು."

"ನಾಳೆ ಜಾಗ ಹಿಡಿದಿರ್ತೀವಿ, ಬೇಗ ಬನ್ನಿ."

"ನೋಡ್ತೀನಿ," ಎಂದಳು ಕುಮುದ್. ತಂಗಿ ಎಂಬವಳು ಅವಳಿಗೆ ಇರಲೇ ಇಲ್ಲ. 

ಕೊನೆಗೊಂದು ಗಾಡಿ ಸ್ವಲ್ಪ ಸಡಿಲಾಗಿ ಬಂತು. ಗೊತ್ತಿರುವ ಮುಖ ಒಂದೂ ಇರಲಿಲ್ಲ. ಅವಳು ಹತ್ತಿ, ಬಾಗಿಲ ಪಕ್ಕ, ಬೆನ್ನು ತಗಡಿಗೆ ಒತ್ತಿ ನಿಂತಳು. ಗಾಡಿ ಖಾಡಿಯ ಸೇತುವೆಗೆ ಬಂದಾಗ ಉಪ್ಪು ಗಾಳಿ ಒಳಗೆ ಬೀಸಿತು. ಗಾಳಿ ತನ್ನ ಕಡೆಯಿಂದ ಒಳಗಿನವರ ಕಡೆಗೆ ಹೋಗುತ್ತಿದೆ ಎಂದು ಹೊಳೆದು ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಹತ್ತಿರದ ಸೀಟಿನಲ್ಲಿದ್ದ ಹುಡುಗಿ ಅವಳ ಕಾಲುಗಳನ್ನು ನೋಡಿದಳು. ಕುಮುದ್ ಸೀರೆಯ ಅಂಚನ್ನು ಕೆಳಗೆಳೆದುಕೊಂಡಳು. ಹುಡುಗಿ ನೋಡಿದ್ದು ಊತವನ್ನು.

"ಆಂಟಿ, ಕಾಲು ಎಷ್ಟು ಊದಿದೆ! ಬನ್ನಿ, ಕೂತ್ಕೊಳ್ಳಿ." ಹುಡುಗಿ ಎದ್ದೇಬಿಟ್ಟಳು. ಕಿಟಕಿಯ ಪಕ್ಕದ ಜಾಗ. ಸಂಜೆಯ ಗಾಡಿಯಲ್ಲಿ ಕೇಳದೆಯೇ ಯಾರಾದರೂ ಎದ್ದು ಸೀಟು ಕೊಟ್ಟದ್ದನ್ನು ಕುಮುದ್ ಈ ಜನ್ಮದಲ್ಲಿ ಕಂಡಿರಲಿಲ್ಲ.

"ಬೇಡಮ್ಮ."

"ಅಯ್ಯೋ, ಕೂತ್ಕೊಳ್ಳಿ ಆಂಟಿ, ನಾನು ನಿಲ್ತೀನಿ," ಎಂದು ಹುಡುಗಿ ಅವಳ ಮೊಣಕೈ ಹಿಡಿದು ಎಳೆದಳು. ಕುಮುದ್ ಕಂಬವನ್ನು ಬಿಡಲಿಲ್ಲ. ತಗಡಿನಿಂದ ಬೆನ್ನು ಕದಲಿಸಲಿಲ್ಲ.

"ಬೇಡ ಅಂದ್ನಲ್ಲ! ಈಗ ಇಳಿಯೋಳು ನಾನು."

ಅವಳಿಗೇ ಗೊತ್ತಾಗದಷ್ಟು ಜೋರಾಗಿ ಬಂದಿತ್ತು ಮಾತು. ಹೊರಗೆ ಎರಡೂ ಕಡೆ ಬರೀ ನೀರು. ಹುಡುಗಿ ಕೈ ಬಿಟ್ಟು ಮತ್ತೆ ಕೂತಳು. ಪಕ್ಕದವಳು ಅವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: "ನೋಡಿದ್ಯಾ? ಸೀಟು ಕೊಟ್ರೂ ಬೇಡ್ವಂತೆ. ಏನ್ ಜಂಭ ಈ ಮುದುಕೀರಿಗೆ."