ನಮ್ಮ ಬಾಗಿಲಲ್ಲಿ ಕೂಗುತ್ತಿದ್ದ ಆಯಾ

ಮೊನ್ನೆ ಮಗಳಿಗೆಂದು ಅಂಗನವಾಡಿಯಿಂದ ತಂದ ಪುಷ್ಟಿ ಹಿಟ್ಟಿಗೆ ಬೆಲ್ಲದ ಬಿಸಿನೀರು ಹಾಕಿ ಕಲಸುತ್ತಿದ್ದೆ. ಹುರಿದ ಕಾಳಿನ ಆ ಘಮ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಆಯಾಳ ಸೆರಗಿಗೆ ಸದಾ ಇದೇ ವಾಸನೆ ಇರುತ್ತಿತ್ತು. ಆಕೆ ತೀರಿಕೊಂಡು ಇನ್ನೂ ವರ್ಷವಾಗಿಲ್ಲ.

ದೇವಾಪುರದ ನಮ್ಮ ಓಣಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವುದು, ಕಸ ಹೊಡೆಯುವುದು, ಬೆಳಿಗ್ಗೆ ಮನೆ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಿ ಮಕ್ಕಳನ್ನು ಕರೆದೊಯ್ಯುವುದು ಆಕೆಯ ಕೆಲಸವಾಗಿತ್ತು. ಆ ಗಂಟಲೋ, ದೇವರೇ ಕಾಪಾಡಬೇಕು! ಓಣಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯ ನಾಯಿ ಎದ್ದು ಕೂರುತ್ತಿತ್ತು. ನಮ್ಮ ಮನೆಯ ಮುಂದೆ ಮಾತ್ರ ಕೂಗುವಂತಿರಲಿಲ್ಲ. ನನ್ನ ತಮ್ಮ ನಿಂಗ್ಯಾನನ್ನು ಅವ್ವ ಯಾರ ಕಣ್ಣಿಗೂ ಬೀಳದಂತೆ ಇಟ್ಟಿದ್ದಳು. ನನಗಿಂತ ಮೊದಲು ಹುಟ್ಟಿದ ಗಂಡುಕೂಸು, ಅಂಗನವಾಡಿಯಲ್ಲಿ ತೂಕ ಹಾಕಿಸಿಕೊಂಡು ಬಂದ ಕೆಲವೇ ದಿನಕ್ಕೆ ಜ್ವರ ಬಂದು ಹೋಗಿತ್ತಂತೆ. ತೂಗಿದ ಕೂಸಿಗೆ ದೃಷ್ಟಿ ತಗಲುತ್ತದೆಂದು ಹಿರಿಯರು ಹೇಳಿದ್ದು ಅವ್ವನ ಎದೆಯಲ್ಲಿ ಕೂತುಬಿಟ್ಟಿತ್ತು. ಟೀಚರು ಬರಲಿ, ನರ್ಸಮ್ಮ ಬರಲಿ, ನಿಂಗ್ಯಾ ಒಳಕೋಣೆಯಲ್ಲಿ, ಅವ್ವ ಬಾಗಿಲಲ್ಲಿ. "ಕೂಸು ತವರಮನ್ಯಾಗ ಅದರಿ" ಅನ್ನುವಳು. ಅವನು ಒಳಗಿನಿಂದ ಅಳುವುದು ಬಂದವರಿಗೆಲ್ಲ ಕೇಳುತ್ತಿತ್ತು...

ಟೀಚರು, ನರ್ಸಮ್ಮನ ಹಾಗೆ ಆಯಾ ಬಾಗಿಲಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ಕೆಲಸ ಮುಗಿಸಿ ಬಂದವಳೇ ಸೀದಾ ಒಲೆಯ ಮುಂದೆ ಕೂತು ಅವ್ವನ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯತೊಡಗುತ್ತಿದ್ದಳು. ಸೊಸೆಯ ಮೇಲೆ ದೂರು, ಮೊಣಕಾಲ ನೋವು, ಟೀಚರ ಬೈಗುಳ, ಎಲ್ಲ ಹೇಳುವಳು. ಕೂಸಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಕೊನೆಗೆ ಅವ್ವನಿಗೇ ತಡೆಯಲಾಗಲಿಲ್ಲ. ಒಂದು ದಿನ ರೊಟ್ಟಿ ಬೇಯಿಸುತ್ತ ಬೇಯಿಸುತ್ತ ಅತ್ತುಬಿಟ್ಟಳು.

"ಯಕ್ಕಾ, ಕೂಸು ಉಣ್ಣವಲ್ದು. ಕಾಲು ಕಡ್ಡಿ ಆಗ್ಯಾವ. ಒಮ್ಮಿ ನೋಡು."

ಆಯಾ ಎದ್ದು ಮುಂಬಾಗಿಲು ಹಾಕಿದಳು. ನಿಂಗ್ಯಾನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಂಗನವಾಡಿಯಿಂದ ಜೋಲಿಯ ತಕ್ಕಡಿ ತಂದು ತೊಲೆಗೆ ಕಟ್ಟಿ ಅವನನ್ನು ತೂಗಿದ್ದು ಆಮೇಲೆ. ಮುಳ್ಳು ನಿಂತ ಜಾಗ ನೋಡಿ ಆಕೆಯ ಮುಖ ಸಪ್ಪಗಾದದ್ದು ನನಗೆ ನೆನಪಿದೆ. ಸುರಪುರದ ದವಾಖಾನೆಯಲ್ಲಿ ಕೂಸಿನ ಜೊತೆ ಕೆಲವು ದಿನ ಇರಬೇಕೆಂದಳು. ಅಪ್ಪ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹುಡುಗಿಯನ್ನು, ಎಮ್ಮೆಯನ್ನು ಯಾರ ಕೈಗೆ ಕೊಡಲಿ ಅಂದಳು ಅವ್ವ.

"ಎರಡೂ ನನ್ನ ಮನಿಗಿ ಬರ್ಲಿ ಬಿಡು. ನೀ ನಡಿ ಮೊದ್ಲ."

ಹಾಗೆ ನಾನೂ ಎಮ್ಮೆಯೂ ಆಯಾಳ ಮನೆ ಸೇರಿದೆವು. ಎಮ್ಮೆ ಹಾಲು ಕೊಡದೆ ಒದ್ದು ಸತಾಯಿಸಿತು, ನಾನು ಅವ್ವ ಬೇಕೆಂದು ಅತ್ತು ಸತಾಯಿಸಿದೆ. ಇಬ್ಬರಿಗೂ ಒಂದೇ ಬೈಗುಳ ಬೈಯುತ್ತಿದ್ದಳು. ಆಮೇಲೆ ನನ್ನನ್ನು ಬಗಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು.

ನಿಂಗ್ಯಾ ಕೆನ್ನೆ ತುಂಬಿಕೊಂಡು ಬಂದ. ಅಲ್ಲಿಂದ ನಮ್ಮ ಬಾಗಿಲಲ್ಲೂ ಬೆಳಿಗ್ಗೆ ಆ ಗಂಟಲು ಕೇಳಿಸತೊಡಗಿತು. "ನಿಂಗ್ಯಾ... ಬಾರೋ ನನ್ನಪ್ಪಾ, ತತ್ತಿ ಆರಾಕತ್ತದ!" ಅವನು ಚಡ್ಡಿ ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವ್ವ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವನಿಗೆ ವಾಂತಿಭೇದಿ ಹತ್ತಿತು. ಬೆಳಿಗ್ಗೆ ಶುರುವಾದದ್ದು, ಸಂಜೆಯ ಹೊತ್ತಿಗೆ ಸುರಪುರದ ದಾರಿಯಲ್ಲಿ, ಟಂಟಂ ಆಟೋದಲ್ಲಿ, ಅವ್ವನ ತೊಡೆಯ ಮೇಲೆಯೇ... ಮುಂದಿನದು ಬರೆಯಲಾರೆ. ಪಕ್ಕದಲ್ಲಿ ಆಯಾ ಕೂತಿದ್ದಳಂತೆ.

ಜನರ ಬಾಯಿಗೆ ಬೀಗ ಹಾಕುವವರು ಯಾರು? ತೂಗಿದ್ದಕ್ಕೇ ಹೋಯಿತು ಅಂದರು. ಆಯಾ ಎಷ್ಟು ಕೂಗಿದರೂ ತಾಯಂದಿರು ಮಕ್ಕಳನ್ನು ಹೊರಗೆ ಬಿಡದಾದರು. ಅವ್ವ ಆಕೆಯನ್ನು ಬೈಯಲಿಲ್ಲ. ಮನೆಯಲ್ಲಿ ನಿಂಗ್ಯಾನ ಹೆಸರೆತ್ತುವುದು ನಿಂತಿತು. ಅಪ್ಪ ಅವನ ಅಂಗಿಗಳನ್ನು ಯಾರಿಗೋ ಕೊಟ್ಟುಬಿಟ್ಟ. ಆಯಾ ನಮ್ಮ ಬಾಗಿಲು ತಪ್ಪಿಸಿ ಹಿಂದಿನ ಸಂದಿಯಿಂದ ಓಡಾಡತೊಡಗಿದಳು.

ಒಂದು ಬೆಳಿಗ್ಗೆ ಆ ಸಂದಿಯನ್ನು ನೀರಿನ ಪೈಪಿಗೆಂದು ಅಗೆದು ಹಾಕಿದ್ದರು. ವಿಧಿಯಿಲ್ಲದೆ ನಮ್ಮ ಮುಂದಿನಿಂದಲೇ ಬಂದಳು. ಒಂದೊಂದು ಮನೆಯ ಮುಂದೂ ಹೆಸರು ಕೂಗುತ್ತ ಬಂದವಳು, ರೂಢಿ ನೋಡಿ, ನಮ್ಮ ಬಾಗಿಲಿಗೆ ಬಂದಾಗ "ನಿಂಗ್ಯಾ... ಬಾರೋ ನನ್ನಪ್ಪಾ" ಅಂದುಬಿಟ್ಟಳು. ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದಳು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಏನು ಮಾಡುತ್ತಾಳೋ ಎಂದು ನಾನು ಹಿಂದೆಯೇ ಓಡಿದೆ.

"ತಪ್ಪಾತು ತಂಗಿ, ಬಾಯಿ ತಪ್ಪಿ ಬಂತು..."

ಅವ್ವ ಆಕೆಯ ಪಕ್ಕ ಮಣ್ಣಿನಲ್ಲೇ ಕೂತಳು. "ದಿನಾ ಹಿಂಗೇ ಕರಿ ಯಕ್ಕಾ. ನನ್ನ ಕೂಸಿನ ಹೆಸರು ಈಗ ಯಾರೂ ತಗಿಯಂಗಿಲ್ಲ. ನೀ ಒಬ್ಬಾಕಿ ಕರಿ."

ಆಯಾ ಮರುದಿನ ಕರೆದಳು. ಅದರ ಮರುದಿನವೂ ಕರೆದಳು. ಕೂಸು ಕಳೆದುಕೊಂಡವಳೇ ಆಕೆಯನ್ನು ಬಾಗಿಲಿಗೆ ಕರೆಸಿಕೊಳ್ಳುವುದನ್ನು ನೋಡಿ ಉಳಿದ ತಾಯಂದಿರೂ ನಿಧಾನಕ್ಕೆ ಮಕ್ಕಳನ್ನು ಕಳಿಸತೊಡಗಿದರು. ನಿವೃತ್ತಿಯಾದ ಮೇಲೂ ಕೋಲೂರಿಕೊಂಡು ಬಂದು ನಮ್ಮ ಬಾಗಿಲಲ್ಲಿ ಆ ಒಂದು ಹೆಸರು ಕರೆದು ಹೋಗುತ್ತಿದ್ದಳು. ಓಣಿಗೆ ಹೊಸದಾಗಿ ಬಂದ ಸೊಸೆಯಂದಿರು, ಈ ಮನೆಯಲ್ಲಿ ನಿಂಗ್ಯಾ ಎಂಬ ಮೊಂಡ ಹುಡುಗನೊಬ್ಬನಿದ್ದಾನೆ, ಎಷ್ಟು ಕರೆದರೂ ಹೊರಗೆ ಬರುವುದಿಲ್ಲ ಎಂದುಕೊಂಡಿದ್ದರಂತೆ...

ಈಗ ಓಣಿಯಲ್ಲಿ ಕೂಗುವವರಿಲ್ಲ. ಅಂಗನವಾಡಿಯ ಸುದ್ದಿಯೆಲ್ಲ ತಾಯಂದಿರ ಮೊಬೈಲಿಗೆ ಬರುತ್ತದೆ. ನನ್ನನ್ನು ಕೊಟ್ಟಿರುವುದು ಇದೇ ಓಣಿಗೆ, ಹಾಗಾಗಿ ಅವ್ವನನ್ನು ದಿನವೂ ನೋಡುತ್ತೇನೆ. ಆಯಾ ಕರೆಯುತ್ತಿದ್ದ ಹೊತ್ತಾದೊಡನೆ ಬಾಗಿಲಿಗೆ ಬರುತ್ತಾಳೆ, ಸ್ವಲ್ಪ ನಿಲ್ಲುತ್ತಾಳೆ, ಒಳಗೆ ಹೋಗುತ್ತಾಳೆ. ಇವತ್ತು ಒಳಗೆ ಹೋಗಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ನೀನರ ಒಮ್ಮಿ ಕರಿಯವ್ವಾ."

ಓಣಿಗಿಳಿದು ನಿಂತೆ. ಅವ್ವ ಹೊಸ್ತಿಲಲ್ಲಿ ಕಾಯುತ್ತಿದ್ದಳು. ಬಾಯಿ ತೆರೆದೆ. ತಮ್ಮನ ಹೆಸರು ಬರಲಿಲ್ಲ, ಅಳು ಬಂತು.