ತಾತ್ಕಾಲಿಕ ಲೈಸೆನ್ಸಿನವನು ನನ್ನ ಸಾಲ ನಿಲ್ಲಿಸಿದ್ದು

ಗೆಳೆಯರೇ, ಊರಿನಲ್ಲಿ ಮನೆ ಕೊಳ್ಳಲು ಸಾಲ ಕೊಡಿಸುವ ಏಜೆಂಟ್ ಅಶ್ಫಾಕ್ ಈಗಷ್ಟೇ ಇಲ್ಲಿ ದೋಹಾದ ಮುಂತಜಾ ಬಡಾವಣೆಯ ನನ್ನ ರೂಮಿನಿಂದ ಎದ್ದು ಹೋದ. ಬಂಟ್ವಾಳ ಕಡೆಯ ನಲವತ್ತರ ಆಸಾಮಿ. ಸುರತ್ಕಲ್ಲಿನಲ್ಲಿ ನಾನು ನೋಡಿಟ್ಟ ಫ್ಲ್ಯಾಟನ್ನು ಬಿಲ್ಡರ್ ಭಾನುವಾರದ ತನಕ ಮಾತ್ರ ಹಿಡಿದಿಡುತ್ತಾನೆ. ಹೆಂಡತಿ ಇದ್ದಾಗ ಆಯ್ಕೆ ಅವಳದು, ಸಹಿ ನನ್ನದು. ಅವಳು ಹೋದ ಮೇಲೆ ಎರಡೂ ನನ್ನ ತಲೆಗೇ. ಇರಲಿ, ವಿಷಯಕ್ಕೆ ಬರುತ್ತೇನೆ.

ಅಶ್ಫಾಕ್ ನನ್ನ ಕತಾರ್ ಐಡಿ ತಿರುಗಿಸಿ ನೋಡಿದ. "ಅಂಕಲ್, ಇದು ನಾಲ್ಕು ತಿಂಗಳಲ್ಲಿ ಮುಗೀತದಲ್ಲ?"

"ಮೂವತ್ತೊಂದು ವರ್ಷದಿಂದ ಹಾಗೇ ಮುಗೀತಾ ಉಂಟು ಮಾರಾಯಾ. ಮೆಸಯೀದಿನ ನಮ್ಮ ಕಂಪನಿಯವರು ರಿನ್ಯೂ ಮಾಡ್ತಾನೇ ಇದ್ದಾರೆ."

"ಆದ್ರೂ ನೀವಿಲ್ಲಿ ಟೆಂಪರರಿ ಅಲ್ವಾ? ಹತ್ತು ವರ್ಷದ ಲೋನ್ ಹೇಗೆ ಕೊಡುದು? ರೂಲ್ಸ್ ಅಂಕಲ್, ಖಲಾಸ್."

ರೂಲ್ಸ್ ಅಂದನಲ್ಲ, "ಎಲ್ಲಿ, ನಿನ್ನ ಲೈಸೆನ್ಸ್ ತೋರಿಸು" ಎಂದೆ. ಮೊಬೈಲಿನಲ್ಲಿ ತೋರಿಸಿದ. ಹೋದ ವಾರವಷ್ಟೇ ಕಂಪನಿ ಬದಲಿಸಿದ್ದಾನಂತೆ. ಹೊಸ ಲೈಸೆನ್ಸ್ ಬರುವ ತನಕ ಹಳೆಯ ಅನುಭವದ ಮೇಲೆ ಅರ್ಜಿ ತೆಗೆದುಕೊಳ್ಳಲು ತಾತ್ಕಾಲಿಕ ಅನುಮತಿ, ತೊಂಬತ್ತು ದಿನಕ್ಕೆ.

"ಅಂದ್ರೆ ನಾನು ನಿನಗಿಂತ ಒಂದು ತಿಂಗಳು ಹೆಚ್ಚು ಪರ್ಮನೆಂಟ್!"

ಅವನಿಗೆ ನಗು ಬರಲಿಲ್ಲ. ಇದನ್ನು ಐರನಿ ಅನ್ನಬೇಕೋ ಸಟೈರ್ ಅನ್ನಬೇಕೋ, ಬಿ.ಕಾಂ.ನಲ್ಲಿ ಓದಿದ್ದು ಮರೆತುಹೋಗಿದೆ. ಚಹಾ ಮುಗಿಸಿ, ಅರ್ಜಿಯನ್ನು ನನಗೇ ವಾಪಸ್ ಕೊಟ್ಟು, ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದ:

"ಅಂಕಲ್, ನಿಮ್ಮ ಕಂಪನಿಯಲ್ಲಿ ನನಗೆ ಎಂತಾದ್ರೂ ಕೆಲಸ ಸಿಗಬಹುದಾ?"

ಸಿವಿ ಕಳಿಸು ಎಂದಿದ್ದೇನೆ. ಫ್ಲ್ಯಾಟ್ ಭಾನುವಾರ ಬೇರೆಯವರ ಪಾಲು. ನಾನು ಮಾತ್ರ ಇವತ್ತಿನಿಂದ ಕೆಲಸ ಕೊಡಿಸುವ ಏಜೆಂಟ್, ತಾತ್ಕಾಲಿಕ ಲೈಸೆನ್ಸ್ ಕೂಡ ಇಲ್ಲದೆ.